ಗಾಜಿನ ತೊಟ್ಟಿಯಲ್ಲಿ ನೈದಿಲೆ

ಊರ ಕೆರೆಯ ನೈದಿಲೆಯನ್ನು ಕೀಳಲೆಂದು ಎದೆಮಟ್ಟದ ನೀರಿಗಿಳಿದು, ಮನೆಗೆ ಬಂದು ಹಿರಿಯರಿಂದ ಬೈಸಿಕೊಳ್ಳದವರು ನಮ್ಮ ಓದುಗರಲ್ಲಿ ವಿರಳ. ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆ, ಚೆನ್ನೈಗಳನ್ನು ಸೇರಿದ ಮೇಲೆ ಆ ಕೆರೆಯೂ ಆ ಹೂವೂ ನೆನಪಾಗಿ ಮಾತ್ರ ಉಳಿದವು. ಆದರೆ ಹತ್ತಡಿಯ ಕೋಣೆಯಲ್ಲಿಯೂ, ಮೀನು ಸಾಕುವ ಗಾಜಿನ ತೊಟ್ಟಿಯಲ್ಲಿ, ನೈದಿಲೆಯನ್ನು ಬೆಳೆಸಬಹುದೆಂಬುದು ಅನೇಕರಿಗೆ ತಿಳಿದಿರಲಾರದು. ಅದರ ಕ್ರಮವನ್ನೂ, ಅದರಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳುತ್ತೇವೆ.

ಮೊದಲು ತಾವರೆಗೂ ನೈದಿಲೆಗೂ ಇರುವ ಭೇದವನ್ನು ತಿಳಿಯಬೇಕು. ತಾವರೆಯ ಎಲೆ ದುಂಡಗಾಗಿದ್ದು, ನೀರನ್ನು ಬಿಟ್ಟು ಮೇಲೆದ್ದು ನಿಲ್ಲುತ್ತದೆ. ನೈದಿಲೆಯ ಎಲೆಯಾದರೋ ನೀರಿನ ಮೇಲೆಯೇ ಮಲಗಿರುತ್ತದೆ. ಅದರ ಅಂಚಿನಿಂದ ತೊಟ್ಟಿನವರೆಗೆ ಒಂದು ಸೀಳು ಇರುತ್ತದೆ. ತಾವರೆ ಕೋಣೆಯ ತೊಟ್ಟಿಗೆ ಒಗ್ಗದು. ನೈದಿಲೆ ಚಂದ್ರನಿಗೆ ಅರಳುವ ಹೂವೆಂದು ಕವಿಗಳು ಹೇಳಿದರು. ಬಿಳಿಯ ಹಾಗೂ ಕೆಂಪು ನೈದಿಲೆಗಳಲ್ಲಿ ರಾತ್ರಿ ಅರಳುವ ಜಾತಿಗಳು ಇರುವುದು ನಿಜ; ಆದರೆ ಶ್ರೀಲಂಕೆಯ ರಾಷ್ಟ್ರಪುಷ್ಪವೂ ಆಗಿರುವ ನೀಲಿ ನೈದಿಲೆ ಹಗಲಿನಲ್ಲಿ ಅರಳುವಂಥದು. ಅಂಗಡಿಗಳಲ್ಲಿ ‘ಡ್ವಾರ್ಫ್ ಲಿಲಿ’ ಎಂದು ಮಾರುವ ಗಿಡ್ಡ ಗಿಡ ಈ ನೀಲಿ ನೈದಿಲೆಯ ಹತ್ತಿರದ ನೆಂಟ; ಸಣ್ಣ ತೊಟ್ಟಿಗೆ ಇದೇ ಯೋಗ್ಯ. ‘ಟೈಗರ್ ಲೋಟಸ್’ ಎಂಬುದು ಹೆಸರಿಗೆ ತಾವರೆಯಾದರೂ ವಾಸ್ತವವಾಗಿ ಆಫ್ರಿಕೆಯ ನೈದಿಲೆ. ಅದಕ್ಕೆ ಹೆಚ್ಚು ಸ್ಥಳ ಬೇಕು.

2 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಲು ಸುಮಾರು 85 ಲೀಟರ್ ನೀರು ಬೇಕು. ನೀರಿನ ತೂಕವೇ 85 ಕಿಲೋ ಆಯಿತು; ಗಾಜು, ಮಣ್ಣು, ಮರಳುಗಳ ಭಾರ ಬೇರೆ. ಆದುದರಿಂದ ಗೋಡೆಗೆ ಹೊಡೆದ ಹಲಗೆಯನ್ನು ನಂಬದೆ, ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡನ್ನೇ ಇರಿಸತಕ್ಕದ್ದು. ಕಿಟಕಿಯ ನೇರ ಬಿಸಿಲು ಬಿದ್ದರೆ ನೀರು ಪಾಚಿಗಟ್ಟಿ ಹಸುರಾಗುತ್ತದೆ. ತೊಟ್ಟಿಯ ಮೇಲೆ ಎಲ್‌ಇಡಿ ದೀಪವನ್ನು ಕಟ್ಟಿ, ದಿನಕ್ಕೆ ಎಂಟು ಹತ್ತು ಗಂಟೆ ಉರಿಸಿದರೆ ಸಾಕು. ನಳದ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಒಂದು ದಿನ ತೆರೆದ ಬಾಲ್ದಿಯಲ್ಲಿಟ್ಟು ಆಮೇಲೆ ಉಪಯೋಗಿಸಬೇಕು.

ನೈದಿಲೆಯ ಗಡ್ಡೆ ಒಣಗಿದ ಅಡಿಕೆಯಂತೆ ಸುಕ್ಕುಗಟ್ಟಿರುತ್ತದೆ. ಸಣ್ಣ ಮಣ್ಣಿನ ಕುಂಡದಲ್ಲಿ ಜೇಡಿ ಬೆರೆತ ತೋಟದ ಮಣ್ಣನ್ನು ತುಂಬಿ, ಮೇಲೆ ತೊಳೆದ ಮರಳನ್ನು ಹರಡಿ, ಗಡ್ಡೆಯನ್ನು ಅದರಲ್ಲಿ ಅರ್ಧದಷ್ಟು ಮಾತ್ರ ಒತ್ತಬೇಕು. ಸುವರ್ಣಗಡ್ಡೆಯಂತೆ ಆಳವಾಗಿ ಹೂತರೆ ಕೊಳೆತುಹೋದೀತು. ಹಸಿ ಸಗಣಿ ಗೊಬ್ಬರವನ್ನು ಎಂದಿಗೂ ಹಾಕಲಾಗದು. ಅದು ನೀರನ್ನು ಕೆಡಿಸುವುದು. ಕೆಲವು ವಾರಗಳಲ್ಲಿ ಮೊಳಕೆ ಒಡೆದು, ಮೊದಲು ನೀರಿನೊಳಗೇ ತೆಳ್ಳಗಿನ ಎಲೆಗಳು ಬರುವುವು. ಅನಂತರ ಉದ್ದ ದಂಟಿನ ಎಲೆಗಳು ನೀರಿನ ಮೇಲಕ್ಕೆ ಏರುತ್ತವೆ. ನಮ್ಮ ತಪ್ಪು ನಡೆದದ್ದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಮ್ಮ ಹೋಟೆಲಿನ ಗಲ್ಲಾದ ಬಳಿ ಇಂತಹದೊಂದು ತೊಟ್ಟಿಯನ್ನು ಇರಿಸಿದ್ದೆವು. ಮೂರು ತಿಂಗಳಲ್ಲಿ ಎಲೆಗಳು ನೀರಿನ ಮೇಲ್ಮೈಯನ್ನೆಲ್ಲ ಮುಚ್ಚಿದವು. ಗಿರಾಕಿಗಳು ಹೊಗಳಿದರು, ನಾವು ಹಿಗ್ಗಿದೆವು. ಒಂದು ಮುಂಜಾನೆ, ಇಡ್ಲಿಯ ಪಾತ್ರೆ ಒಲೆಗೇರುವ ಹೊತ್ತಿಗೆ ಬಂದು ನೋಡಲಾಗಿ, ಎಲೆಗಳ ಸಂದಿನಲ್ಲಿ ಏಳು ಮೀನುಗಳು ಸತ್ತು ತೇಲುತ್ತಿದ್ದವು. ಮೀನಿನ ಆಹಾರವನ್ನು ಸಂಶಯಿಸಿದೆವು, ಮಾರಿದವನನ್ನು ಬೈದೆವು. ಆಗ ಮೇಜು ಒರೆಸುತ್ತಿದ್ದ ತರುಣನೊಬ್ಬನು, “ಧಣೀ, ನಮ್ಮೂರ ಕೆರೆಯಲ್ಲಿಯೂ ಎಲೆ ತೀರ ಮುಚ್ಚಿಕೊಂಡರೆ ಹೀಗೆಯೇ. ಬೆಳಗಿನ ಜಾವ ಮೀನು ಬಾಯಿ ಮೇಲೆ ಮಾಡಿಕೊಂಡು ಬರುತ್ತವೆ,” ಎಂದನು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆವು. “ತಾವು ಅಷ್ಟು ಸಂತೋಷದಲ್ಲಿದ್ದಿರಿ, ಹೇಗೆ ಹೇಳಲಿ?” ಎಂದನು. ಏಳು ಮೀನುಗಳಿಗಿಂತ ಹೆಚ್ಚಾಗಿ ಆ ಮಾತೇ ನಮ್ಮನ್ನು ಬಹುದಿನ ಚುಚ್ಚಿತು.

ಅವನು ಹೇಳಿದ್ದು ಸರಿ. ಹಗಲಿನಲ್ಲಿ ಗಿಡಗಳು ಬೆಳಕಿನ ಬಲದಿಂದ ಆಮ್ಲಜನಕವನ್ನು ಕೊಡುತ್ತವೆ. ರಾತ್ರಿ ಅವೂ ಮೀನುಗಳಂತೆ ಅದನ್ನು ಬಳಸುತ್ತವೆ. ನೈದಿಲೆಯ ತೇಲುವ ಎಲೆಗೆ ಉಸಿರಾಟದ ರಂಧ್ರಗಳಿರುವುದು ಮೇಲ್ಮುಖದಲ್ಲಿ. ಅದು ಗಾಳಿಯೊಡನೆ ವ್ಯವಹರಿಸುತ್ತದೆಯೇ ಹೊರತು ಕೆಳಗಿನ ನೀರಿಗೆ ಅದರಿಂದ ಹೆಚ್ಚಿನ ಉಪಕಾರವಿಲ್ಲ. ಮೇಲ್ಮೈ ಮುಚ್ಚಿದರೆ ಗಾಳಿ ನೀರಿಗೆ ಬೆರೆಯುವುದು ಕುಂದುವುದು. ಬೆಳಕಿಲ್ಲದೆ ಒಳಗಿನ ಗಿಡಗಳೂ ಸೊರಗುವುವು. ಸೂರ್ಯೋದಯಕ್ಕೆ ಮುಂಚೆ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆ. ಆದುದರಿಂದ ಮೇಲ್ಮೈಯ ಅರ್ಧಭಾಗವಾದರೂ ತೆರೆದಿರುವಂತೆ, ಹಳೆಯ ಎಲೆಗಳನ್ನು ದಂಟಿನ ಬುಡದಲ್ಲಿಯೇ ಕತ್ತರಿಸುತ್ತಿರಬೇಕು.

ಹಾಗೆಂದು ತೇಲುವ ಎಲೆಗಳನ್ನೆಲ್ಲ ಕತ್ತರಿಸಿದರೆ ಗಿಡ ನೀರಿನೊಳಗೇ ಪೊದೆಯಾಗಿ ಚೆನ್ನಾಗಿಯೇ ಬೆಳೆದೀತು. ಹೂವು ಮಾತ್ರ ಬಾರದು. ಹೂವು ಬೇಕೆನ್ನುವವರು ನಾಲ್ಕಾರು ಎಲೆಗಳನ್ನು ಉಳಿಸಿ, ದೀಪದ ಬೆಳಕನ್ನು ಹೆಚ್ಚಿಸಿ, ತೊಟ್ಟಿಯ ಮುಚ್ಚಳವನ್ನು ತೆಗೆದಿಡಬೇಕು. ಹೂವು ಕೆಲವು ದಿನ ಅರಳುತ್ತ ಮುಚ್ಚುತ್ತ ಇದ್ದು, ಅನಂತರ ನೀರಿನೊಳಕ್ಕೆ ಇಳಿಯುತ್ತದೆ.

ಇನ್ನೆರಡು ಎಚ್ಚರಿಕೆಗಳುಂಟು. ಮೀನಿಲ್ಲದ ನಿಂತ ನೀರು ಸೊಳ್ಳೆಗಳ ತೊಟ್ಟಿಲು. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಂದ ಹೊರಬಿದ್ದು ರೆಕ್ಕೆ ಬಲಿಯಲು ಎಂಟು ಹತ್ತು ದಿನ ಸಾಕು. ನಾಲ್ಕು ಗಪ್ಪಿ ಮೀನುಗಳಿದ್ದರೆ ಮರಿಹುಳುಗಳನ್ನು ತಿಂದು ತೀರಿಸುತ್ತವೆ. ಎರಡನೆಯದಾಗಿ, ಹೆಚ್ಚಾದ ಗಿಡವನ್ನಾಗಲಿ ಮೀನನ್ನಾಗಲಿ ಕೆರೆ ನಾಲೆಗಳಿಗೆ ಎಸೆಯಬಾರದು. ಅಂದದ ಹೂವೆಂದು ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ನಮ್ಮ ಎಷ್ಟೋ ಕೆರೆಗಳ ಉಸಿರು ಕಟ್ಟಿಸಿರುವುದನ್ನು ಕಾಣುತ್ತಿದ್ದೇವಷ್ಟೆ.

ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಲು ಅರ್ಧ ಗಂಟೆ ಸಾಕು. ರಜೆಯ ದಿನದಲ್ಲಿ ಅಷ್ಟು ಹೊತ್ತು ಎಲ್ಲರಿಗೂ ದೊರೆತೀತು. ಆದರೆ ಗಡ್ಡೆ ನೆಡುವ ಮುನ್ನ, ಕೆರೆಯ ದಡದಲ್ಲಿ ಬೆಳೆದವರು ಯಾರಾದರೂ ನಿಮ್ಮ ಕೋಣೆಯಲ್ಲಿಯೋ ಅಡುಗೆಮನೆಯಲ್ಲಿಯೋ ಇದ್ದರೆ, ಅವರನ್ನು ಒಂದು ಮಾತು ಕೇಳಿರಿ. ನಾವು ಕೇಳಿರಲಿಲ್ಲ.