ಕಣಿವೆಯ ಮನೆಗೆ ಲ್ಯಾಪ್‌ಟಾಪ್ ಬಂತು, ಸಿಗ್ನಲ್ಲು?

2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬಿತ್ತು. ಬೆಂಗಳೂರಲ್ಲಿ ಕೆಲಸಕ್ಕಿದ್ದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಅಪ್ಪಯ್ಯ, ಆಯಿ ಇಬ್ಬರೇ ಇದ್ದ ಮನೆಗಳಲ್ಲಿ ಮತ್ತೆ ಮಾತು ಕೇಳಿಸಿತು. ಆದರೆ ಮನೆಯೊಳಗೆ ಸಿಗ್ನಲ್ ಎಲ್ಲಿದೆ? ಬೆಟ್ಟದ ತಲೆ ಹತ್ತಿ, ಚಪ್ಪರ ಕಟ್ಟಿಕೊಂಡು ಮೀಟಿಂಗ್ ಮುಗಿಸಿದ್ದು ನಮ್ಮ ಕಡೆ ಹೊಸ ಸುದ್ದಿ ಏನಲ್ಲ.

ಆಮೇಲೆ ಬಹಳ ಮಂದಿ ವಾಪಸು ಹೋದರು. ಆದರೂ ತಿಂಗಳಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡಲು ಬಿಡುವ ಕಂಪೆನಿಗಳು ಈಗಲೂ ಇವೆ. ಕೊನೆಕೊಯ್ಲಿನ ಹೊತ್ತಿಗೆ ಮಗನೋ ಮಗಳೋ ಹದಿನೈದು ದಿನ ಮನೆಯಲ್ಲಿದ್ದರೆ ಎಷ್ಟು ಆಸರೆ ಅನ್ನುವುದು ತೋಟ ಮಾಡುವವರಿಗೆ ಗೊತ್ತು. ಅದಕ್ಕೇ ಇಂಟರ್‌ನೆಟ್ಟನ್ನೂ ನೀರು, ಕರೆಂಟಿನ ಸಾಲಿಗೆ ಸೇರಿಸಬೇಕು.

ಸಿಗ್ನಲ್ ಯಾಕೆ ಇಳಿಯುವುದಿಲ್ಲ?

ನಮ್ಮ ತೋಟಗಳು ಕಣಿವೆಯಲ್ಲಿ. ಮನೆ ತೋಟದ ಅಂಚಿಗೆ, ಹಿಂದೆ ಧರೆ, ಅದರ ಮೇಲೆ ಸೊಪ್ಪಿನ ಬೆಟ್ಟ. ಟವರಿನ ತರಂಗ ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತದೆ. ಗುಡ್ಡದ ಹಿಂದೆ ನೆರಳು. ಒದ್ದೆ ಎಲೆಯೂ ಅದನ್ನು ಹೀರುತ್ತದೆ. 700ರಿಂದ 900 ಮೆಗಾಹರ್ಟ್ಸ್‌ನ ತರಂಗ ದೂರ ಹೋಗುತ್ತದೆ, ಮರಗಳ ನಡುವೆ ನುಸುಳುತ್ತದೆ. 2300ರದ್ದು ಬೇಗ ಸೋಲುತ್ತದೆ. ಪೇಟೆಯಲ್ಲಿ ಜೋರು ಓಡುವ ಸಿಮ್ ಹಳ್ಳಿಯಲ್ಲಿ ತೆವಳುವುದಕ್ಕೆ ಇದೂ ಒಂದು ಕಾರಣ.

ಮೊದಲು ಅಳೆಯಿರಿ

ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ನೋಡಿದರೆ ಸಿಗ್ನಲ್ಲಿನ ಅಂಕಿ ಸಿಗುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 110 ದಾಟಿದರೆ ಕಷ್ಟ. ಅಂಗಳ, ಮಾಡಿನ ಮೇಲೆ, ಕೊಟ್ಟಿಗೆ ಹಿಂದಿನ ದಿಬ್ಬ, ಹೀಗೆ ನಾಲ್ಕು ಕಡೆ, ಎರಡು ಮೂರು ಕಂಪೆನಿಯ ಸಿಮ್ ಹಾಕಿ ಬರೆದಿಡಿ.

ಒಳ್ಳೆ ಅಂಕಿ ಸಿಕ್ಕ ಜಾಗದಲ್ಲಿ ಪೈಪ್ ನೆಟ್ಟು, ಸಿಮ್ ಹಾಕುವ ಹೊರಾಂಗಣ ರೂಟರ್ ಕಟ್ಟಬಹುದು. ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್ 100 ಮೀಟರ್ ತನಕ ಎಳೆಯಬಹುದು. ಇಂಥ ಹೆಚ್ಚಿನ ರೂಟರ್‌ಗಳಿಗೆ ಕರೆಂಟೂ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಬರೀ ಆಂಟೆನಾ ಮೇಲಿಟ್ಟು ಉದ್ದ ವಯರು ಎಳೆದರೆ ಸಿಕ್ಕ ಸಿಗ್ನಲ್ಲನ್ನು ವಯರೇ ತಿನ್ನುತ್ತದೆ. ಗುಡುಗು ಶುರುವಾಗುವ ಮೊದಲೇ ಕೇಬಲ್ ಕಿತ್ತಿಡಿ. ಇನ್ವರ್ಟರ್ ಬೇಕೇ ಬೇಕು. ಪರವಾನಗಿ ಇಲ್ಲದ ಬೂಸ್ಟರ್ ಮಾತ್ರ ಬೇಡ ಮಾರಾಯ್ರೆ: ಕಾನೂನು ಬಾಹಿರ, ಊರವರ ಸಿಗ್ನಲ್ಲೂ ಕೆಡುತ್ತದೆ.

ಇದ್ದದ್ದರಲ್ಲಿ ಕೆಲಸ

ಸ್ಪಷ್ಟ ವಿಡಿಯೋ ಮೀಟಿಂಗಿಗೆ ಹೋಗಲು, ಬರಲು ಸೆಕೆಂಡಿಗೆ ಸುಮಾರು 1.2 ಮೆಗಾಬಿಟ್ ಬೇಕು. ಅಂದರೆ ಗಂಟೆಗೆ ಒಂದು ಜಿಬಿ ಹತ್ತಿರ ಖರ್ಚು. ಬರೀ ಮಾತಿಗೆ 80 ಕಿಲೋಬಿಟ್ ಸಾಕು. ಗಂಟೆಗೆ 72 ಎಂಬಿ. ಸಿಗ್ನಲ್ ಸೊರಗಿದಾಗ ಕ್ಯಾಮೆರಾ ಆರಿಸಿದರೆ ಮೀಟಿಂಗ್ ಉಳಿಯುತ್ತದೆ.

ಹಲವರು ಕೂಡಿ ಬರೆಯುವ ಕಡತಗಳು ಇನ್ನೂ ಹಗುರ. ಗೂಗಲ್ ಶೀಟ್‌ನಲ್ಲಿ ಆಫ್‌ಲೈನ್ ಸೌಲಭ್ಯ ಮೊದಲೇ ಹಾಕಿಟ್ಟರೆ, ನೆಟ್ ಇಲ್ಲದಾಗ ಬರೆದದ್ದು ಸಿಗ್ನಲ್ ಬಂದಾಗ ಎಲ್ಲರಿಗೂ ತಲುಪುತ್ತದೆ. ಇದು ಕಂಪೆನಿ ಕೆಲಸಕ್ಕೆ ಮಾತ್ರ ಅಂತಲ್ಲ. ಕೊನೆಗೌಡ ಯಾವ ದಿನ ಯಾರ ತೋಟಕ್ಕೆ, ಬೋರ್ಡೋ ಸಿಂಪರಣೆ ಯಾರದು ಬಾಕಿ, ಕೇರಿಯ ಹತ್ತು ಮನೆಯವರು ಒಂದೇ ಹಾಳೆಯಲ್ಲಿ ಬರೆದರೆ ದಿನಕ್ಕೆ ಹತ್ತು ಫೋನು ಉಳಿಯಿತು.

ಒಟ್ಟಾಗಿ ಕೇಳಿ

2022ರ ಜುಲೈನಲ್ಲಿ ಕೇಂದ್ರ ಸಂಪುಟ 4ಜಿ ಇಲ್ಲದ 24,680 ಹಳ್ಳಿಗಳಿಗೆ ಸೇವೆ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದನ್ನು ಜಾರಿ ಮಾಡುವುದು ಬಿಎಸ್ಸೆನ್ನೆಲ್. ಭಾರತ್‌ನೆಟ್‌ನ ಫೈಬರ್ ಇರುವುದು ಗ್ರಾಮ ಪಂಚಾಯತಿಗಾಗಿ. ನಿಮ್ಮ ಪಂಚಾಯತಿಗೆ ಅದು ಬಂದಿದೆಯಾ, ಚಾಲೂ ಇದೆಯಾ, ಕೇರಿ ತನಕ ಎಳೆಯಲು ಆಗುತ್ತದಾ ಎಂದು ಗ್ರಾಮಸಭೆಯಲ್ಲಿ ಕೇಳಿ. ಅರ್ಜಿಯ ಜೊತೆ ನೀವು ಬರೆದಿಟ್ಟ ಸಿಗ್ನಲ್ ಅಂಕಿಗಳನ್ನೂ ಲಗತ್ತಿಸಿ. ಒಂಟಿ ಮನೆಗೆ ಫೈಬರ್ ದುಬಾರಿ, ಎಂಟು ಹತ್ತು ಮನೆ ಸೇರಿದರೆ ಲೆಕ್ಕ ಬೇರೆ.

ಅಡಿಕೆಯನ್ನು ಒಬ್ಬೊಬ್ಬರೇ ಮಾರಿ ಸೋತಿದ್ದ ಬೆಳೆಗಾರರು 1923ರಲ್ಲಿ ಶಿರಸಿಯಲ್ಲಿ ಟಿಎಸ್ಎಸ್ ಕಟ್ಟಿಕೊಂಡರು. ಸಿಗ್ನಲ್ ವಿಷಯದಲ್ಲೂ ಅದೇ ದಾರಿ. ಮುಂದಿನ ಗ್ರಾಮಸಭೆಗೆ ಕೇರಿಯವರೆಲ್ಲ ಒಟ್ಟಿಗೇ ಹೋಗಿ.