ಹಸಿವಿಲ್ಲದ ಮೀನೂ ಅರ್ಧ ನಿಮಿಷದ ಫೋಟೊವೂ

ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ಅಲ್ಲಿನ ಡೀ ನದಿಯಲ್ಲಿ ಜನ ಶುಲ್ಕ ಕಟ್ಟಿ ಸಾಲ್ಮನ್ ಹಿಡಿಯುತ್ತಾರೆ, ಹಿಡಿದದ್ದನ್ನು ತಿರುಗಿ ನೀರಿಗೇ ಬಿಡುತ್ತಾರೆ. ನದಿಗೆ ಬಂದ ಸಾಲ್ಮನ್ ಏನನ್ನೂ ತಿನ್ನುವುದಿಲ್ಲ ಎಂದು ಹೇಳುವವರೂ ಅವರೇ. ತಿನ್ನದ ಮೀನು ಗಾಳಕ್ಕೆ ಬಾಯಿ ಹಾಕುವುದೇಕೆ? ಬಿಟ್ಟ ಮೇಲೆ ಅದು ಬದುಕುತ್ತದೆಯೋ, ಅಥವಾ ಇದೆಲ್ಲ ಹಿಡಿದವರ ಸಮಾಧಾನಕ್ಕೋ?

ತಿನ್ನುವುದಿಲ್ಲ ಎಂಬುದು ನಿಜ. ಅಟ್ಲಾಂಟಿಕ್ ಸಾಲ್ಮನ್ ಹುಟ್ಟುವುದು ನದಿಯಲ್ಲಿ, ಕೊಬ್ಬುವುದು ಸಮುದ್ರದಲ್ಲಿ, ಮೊಟ್ಟೆಯಿಡಲು ಮರಳುವುದು ಹುಟ್ಟಿದ ನದಿಗೇ. ಸಿಹಿನೀರಿಗೆ ಬಂದ ಮೇಲೆ ಅದರ ಜಠರ ಸುಕ್ಕುಗಟ್ಟಿ ಕುಗ್ಗುತ್ತದೆ. ಫೆಬ್ರವರಿಯಲ್ಲಿ ನದಿ ಹೊಕ್ಕ ಮೀನು ನವೆಂಬರಿನಲ್ಲಿ ಮೊಟ್ಟೆಯಿಡುವವರೆಗೆ ಸಮುದ್ರದಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸುತ್ತ ದಿನ ದೂಡುತ್ತದೆ. ಇಷ್ಟಾದರೂ ಕಣ್ಣೆದುರು ಹಾದುಹೋಗುವ ಬಣ್ಣದ ಗರಿಯ ಗಾಳವೊಂದನ್ನು ಕಂಡು ಒಮ್ಮೊಮ್ಮೆ ತಟ್ಟನೆ ಎದ್ದು ಕಚ್ಚುತ್ತದೆ.

ಆ ಗಾಳವನ್ನು ಒಮ್ಮೆ ನೋಡಬೇಕು. ‘ಜಾಕ್ ಸ್ಕಾಟ್’ ಎಂಬ ವಿಕ್ಟೋರಿಯಾ ಕಾಲದ ಹೆಸರಾಂತ ಗಾಳ ಯಾವ ಕೀಟವನ್ನೂ ಹೋಲುವುದಿಲ್ಲ. ಅದರ ಕೆನ್ನೆಯ ಮೇಲೆ ಮೇಣದ ಹೊಳಪಿನ ಚುಕ್ಕಿಯುಳ್ಳ ಗರಿಯೊಂದಿರುತ್ತದೆ. ಅದು ನಮ್ಮ ಪಶ್ಚಿಮಘಟ್ಟದಲ್ಲಿ ಮುಂಜಾನೆ ಕೂಗುವ ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿ! ಸಾಲ್ಮನ್ ಶೋಕಿಗಾಗಿ ದಕ್ಷಿಣ ಭಾರತದಿಂದ ಈ ಗರಿಗಳು ಹಡಗೇರಿ ಹೋದವು, ಅದಕ್ಕಾಗಿ ಹುಂಜಗಳು ಸತ್ತವು. ಈಗ ಈ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ; ಅಲ್ಲಿನವರು ಸಾಕಿದ ಕೋಳಿಗಳ ಗರಿ ಬಳಸುತ್ತಾರೆ.

ಕಚ್ಚುವುದಕ್ಕೆ ಒಂದೇ ಕಾರಣ ಹೇಳುವವರನ್ನು ನಂಬಬೇಕಾಗಿಲ್ಲ. ಮರಿಯಾಗಿದ್ದಾಗ ಎರಡು ಮೂರು ವರ್ಷ ಇದೇ ನದಿಯಲ್ಲಿ ತೇಲಿ ಬರುವ ಹುಳುಗಳನ್ನು ಹಿಡಿದು ತಿಂದ ಅಭ್ಯಾಸ ನರಗಳಲ್ಲಿ ಉಳಿದಿರಬಹುದು. ಮೊಟ್ಟೆಯಿಡುವ ಕಾಲ ಹತ್ತಿರವಾದಂತೆ ಕೆಳದವಡೆ ಕೊಕ್ಕೆಯಾಗಿ ಬಾಗಿದ ಗಂಡುಗಳು ಸಿಟ್ಟಿನಿಂದಲೇ ಎರಗಬಹುದು. ಬರೀ ಕುತೂಹಲವೂ ಇದ್ದೀತು. ಕೈಯಿಲ್ಲದ ಪ್ರಾಣಿಗೆ ಒಂದು ವಸ್ತುವನ್ನು ಮುಟ್ಟಿ ನೋಡಲು ಇರುವುದು ಬಾಯಿಯೊಂದೇ. ಸಮುದ್ರದಿಂದ ಆಗಷ್ಟೇ ಬಂದ ಮೀನು ಸುಲಭವಾಗಿ ಕಚ್ಚುತ್ತದೆ, ವಾರಗಳು ಕಳೆದಂತೆ ಬಿಗುಮಾನ ತೋರುತ್ತದೆ ಎಂಬ ಗಾಳಗಾರರ ಅನುಭವ ಹಳೆಯ ಅಭ್ಯಾಸದ ವಾದಕ್ಕೆ ಹೆಚ್ಚು ಹೊಂದುತ್ತದೆ.

ಇಲ್ಲಿ ಒಂದು ಮೂಢನಂಬಿಕೆಯ ಕಿವಿ ಹಿಂಡಲೇಬೇಕು. 1922ರ ಅಕ್ಟೋಬರ್ 7ರಂದು ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಯುವತಿ 64 ಪೌಂಡ್, ಅಂದರೆ ಸುಮಾರು 29 ಕಿಲೋ ತೂಗುವ ಸಾಲ್ಮನ್ ಹಿಡಿದಳು. ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಸಾಲ್ಮನ್ ಇವತ್ತಿಗೂ ಅದೇ. ಮರುವರ್ಷ ವೈ ನದಿಯಲ್ಲಿ, 1924ರಲ್ಲಿ ಡೆವೆರನ್ ನದಿಯಲ್ಲಿ ಮತ್ತಿಬ್ಬರು ಮಹಿಳೆಯರು ದಾಖಲೆ ಮೀನು ಹಿಡಿದರು. ಶುರುವಾಯಿತು ನೋಡಿ: ಹೆಣ್ಣಿನ ಮೈವಾಸನೆಗೆ ಗಂಡು ಸಾಲ್ಮನ್ ಮರುಳಾಗುತ್ತದಂತೆ! 1990ರಲ್ಲಿ ಈ ವಾದಕ್ಕೆ ಒಂದು ಪುಸ್ತಕವೇ ಬಂತು. ಸಾಲ್ಮನ್ನಿನ ಮೂಗು ಅಸಾಧಾರಣ ಎಂಬುದರಲ್ಲಿ ಅನುಮಾನವಿಲ್ಲ. 1950ರ ದಶಕದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮನುಷ್ಯರ ಕೈ, ಕರಡಿಯ ಪಾದ ತೊಳೆದ ನೀರನ್ನು ಹೊಳೆಗೆ ಸುರಿದಾಗ ಮೇಲೇರುತ್ತಿದ್ದ ಪೆಸಿಫಿಕ್ ಸಾಲ್ಮನ್‌ಗಳು ಬೆಚ್ಚಿ ಹಿಂದೆ ಸರಿದವು; ಚರ್ಮದಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲ ಅದಕ್ಕೆ ಕಾರಣವೆಂದು ಪತ್ತೆಯಾಯಿತು. ಆದರೆ ಅದು ಹೆದರಿಸಿ ಓಡಿಸುವ ವಾಸನೆ, ಕರೆಯುವ ವಾಸನೆಯಲ್ಲ. ಮೂರು ದೊಡ್ಡ ಮೀನುಗಳನ್ನು ಹೆಕ್ಕಿಕೊಂಡು, ಗಂಡಸರು ಹಿಡಿದ ಉಳಿದ ಲಕ್ಷಾಂತರ ಮೀನುಗಳನ್ನು ಮರೆತು ಸಿದ್ಧಾಂತ ಕಟ್ಟಿದರೆ ಅದು ವಿಜ್ಞಾನವಾಗುವುದಿಲ್ಲ. ಜಾರ್ಜಿನಾಳ ತಂದೆಗೆ ಅದೇ ನದಿಯಲ್ಲಿ ಗಾಳಗಾರರ ಜೊತೆಗಿದ್ದು ನೆರವಾಗುವುದೇ ವೃತ್ತಿ. ಆ ದಿನ ದೋಣಿಯಲ್ಲಿ ಅವನೂ ಇದ್ದ. ನದಿಯ ಮಗ್ಗುಲಲ್ಲೇ ಬೆಳೆದವಳ ಕೈಚಳಕವನ್ನು ಒಪ್ಪಿಕೊಳ್ಳುವುದಕ್ಕಿಂತ ಮೈವಾಸನೆಯನ್ನು ಒಪ್ಪುವುದು ಕೆಲವರಿಗೆ ಸುಲಭವಾಗಿತ್ತು, ಅಷ್ಟೆ.

ಆಗೆಲ್ಲ ಹಿಡಿದ ಮೀನನ್ನು ಬಿಡುವ ಮಾತೇ ಇರಲಿಲ್ಲ. ಈಗ ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ನೂರು ಸಾಲ್ಮನ್‌ಗಳಲ್ಲಿ ತೊಂಬತ್ತಕ್ಕೂ ಹೆಚ್ಚು ನೀರಿಗೆ ಮರಳುತ್ತವೆ. ಮೀನಿನ ಸ್ಥಿತಿಯೇ ಹಾಗಿದೆ: 2023ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಬ್ರಿಟನ್ನಿನ ಸಾಲ್ಮನ್ ಸಂತತಿ ಅಪಾಯದಂಚಿನ ವರ್ಗಕ್ಕೆ ಸೇರಿತು. ಹಾಗಾಗಿ ಓದುಗರ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು.

ಗಾಳ ಚುಚ್ಚಿದ ಮೀನು ಎಳೆದಾಡುವುದು ಬಿಳಿಸ್ನಾಯುವಿನ ಬಲದಿಂದ. ಆಮ್ಲಜನಕಕ್ಕೆ ಕಾಯದೆ ಸಿಡಿಯುವ ಸ್ನಾಯು ಅದು. ಹಾಗೆ ಸಿಡಿದಾಗ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ರಕ್ತ ಹುಳಿಯಾಗುತ್ತದೆ. ಮತ್ತೆ ಸರಿಹೋಗಲು ಗಂಟೆಗಟ್ಟಲೆ ಬೇಕು. ದಡ ಸೇರುವ ಹೊತ್ತಿಗೆ ಮೀನಿಗೆ ಬೇಕಾಗಿರುವುದು ಆಮ್ಲಜನಕ, ಇನ್ನಷ್ಟು ಆಮ್ಲಜನಕ. ಸರಿಯಾಗಿ ಆ ಗಳಿಗೆಯಲ್ಲೇ ಮನುಷ್ಯ ಅದನ್ನು ಎತ್ತಿ ಹಿಡಿದು ಫೋಟೊಕ್ಕೆ ನಗುತ್ತಾನೆ. ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುವ ಕಿವಿರಿನ ತೆಳುಪದರಗಳು ಗಾಳಿಯಲ್ಲಿ ನೆನೆದ ಪುಸ್ತಕದ ಹಾಳೆಗಳಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುತ್ತಲೂ ಬೇಕಾದಷ್ಟು ಆಮ್ಲಜನಕವಿದ್ದರೂ ಮೀನಿಗೆ ಉಸಿರುಗಟ್ಟುತ್ತದೆ.

ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಂಕಿಗಳಲ್ಲಿ ತೋರಿಸಿತು. ಸಾಲ್ಮನ್ ಕುಟುಂಬದ್ದೇ ಆದ ರೇನ್‌ಬೋ ಟ್ರೌಟ್ ಮೀನುಗಳನ್ನು ತೊಟ್ಟಿಯಲ್ಲಿ ಅಟ್ಟಾಡಿಸಿ ಸುಸ್ತು ಮಾಡಿದರು. ಸುಸ್ತು ಮಾಡಿ ನೀರಿನಲ್ಲೇ ಬಿಟ್ಟವುಗಳಲ್ಲಿ ಹನ್ನೆರಡು ಗಂಟೆಯೊಳಗೆ ಸತ್ತದ್ದು ಶೇ. 12. ಮೂವತ್ತು ಸೆಕೆಂಡು ಗಾಳಿಗೆ ಎತ್ತಿದವುಗಳಲ್ಲಿ ಶೇ. 38. ಅರವತ್ತು ಸೆಕೆಂಡು ಎತ್ತಿದವುಗಳಲ್ಲಿ ಶೇ. 72! ಪ್ರಯೋಗಾಲಯದ ಮೀನುಗಳು ಬೇರೆ ತೊಂದರೆಗಳನ್ನೂ ಹೊತ್ತಿದ್ದವು, ಕಾಡುನದಿಯ ಸಾಲ್ಮನ್ ಇಷ್ಟು ಸಲೀಸಾಗಿ ಸಾಯುವುದಿಲ್ಲ. ಆದರೂ ಅರ್ಧ ನಿಮಿಷ ಹೆಚ್ಚಾದಾಗ ಸಾವು ಏರಿದ ಬಗೆಯನ್ನು ಕಂಡವರು ಕ್ಯಾಮೆರಾ ಹುಡುಕುತ್ತ ಚೀಲ ತಡಕಾಡಲಾರರು.

ನದಿಗಳಿಂದ ಬಂದ ಸುದ್ದಿ ಹೆಚ್ಚು ಸಮಾಧಾನದ್ದು. ನಾರ್ವೆಯ ಆಲ್ಟಾ ನದಿಯಲ್ಲಿ ರೇಡಿಯೊ ಕಟ್ಟಿ ಬಿಟ್ಟ ಸಾಲ್ಮನ್‌ಗಳಲ್ಲಿ ಬಹುತೇಕ ಎಲ್ಲವೂ ಮೊಟ್ಟೆಯಿಡುವ ಕಾಲದವರೆಗೆ ಬದುಕಿದ್ದವು. ಹಾಗೆಂದು ಅವುಗಳಿಗೆ ಏನೂ ಆಗಲಿಲ್ಲವೆಂದಲ್ಲ: ಮೇಲಕ್ಕೆ ಹೊರಟಿದ್ದ ಎಷ್ಟೋ ಮೀನುಗಳು ಬಿಟ್ಟ ಕೂಡಲೇ ಕೆಳಕ್ಕೆ ಜಾರಿದವು, ಆಮೇಲಷ್ಟೇ ಪಯಣ ಮುಂದುವರಿಸಿದವು. ರಷ್ಯದ ಪೋನಾಯ್ ನದಿಯಲ್ಲಿ ಗುರುತುಪಟ್ಟಿ ಕಟ್ಟಿ ಬಿಟ್ಟ ನೂರರಲ್ಲಿ ಸುಮಾರು ಹನ್ನೊಂದು ಮೀನುಗಳು ಮತ್ತೊಮ್ಮೆ ಗಾಳ ಕಚ್ಚಿದವು. ಒಮ್ಮೆ ಚುಚ್ಚಿಸಿಕೊಂಡ ಗೆಂಡೆಮೀನು ವರ್ಷದವರೆಗೂ ಗಾಳದಿಂದ ದೂರವಿರುತ್ತದೆಂದು ಡಚ್ ಪ್ರಯೋಗವೊಂದು 1970ರಲ್ಲೇ ತೋರಿಸಿತ್ತು. ಪೋನಾಯ್ ಸಾಲ್ಮನ್‌ಗಳಲ್ಲಿ ಕೆಲವಾದರೂ ಆ ಪಾಠ ಕಲಿತಿರಲಿಲ್ಲ. ಕ್ಯೂಬೆಕ್‌ನ ಎಸ್ಕುಮೆಂ ನದಿಯಲ್ಲಿ ಮರಿಗಳ ಡಿಎನ್‌ಎ ನೋಡಿ ತಂದೆತಾಯಿಗಳನ್ನು ಹುಡುಕಿದಾಗ ಹಿಡಿದು ಬಿಟ್ಟ ಮೀನುಗಳೂ ಮರಿ ಮಾಡಿದ್ದವು ಎಂಬುದು ಖಾತ್ರಿಯಾಯಿತು.

ಬಿಸಿನೀರು ಮಾತ್ರ ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿನ ಬೇಡಿಕೆ ಹೆಚ್ಚು. ಕೆನಡಾದ ಮಿರಾಮಿಶಿ ನದಿಯಲ್ಲಿ ರಾತ್ರಿಯೂ ನೀರು 20 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಸಾಲ್ಮನ್‌ಗಳು ತಂಪಿಗೆ ಸೇರುವ ಮಡುಗಳಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸುತ್ತಾರೆ.

ಇನ್ನು ದಡದಲ್ಲಿ ನಡೆಯುವ ‘ಉಪಚಾರ’. ಬಾಲ ಹಿಡಿದು ಮೀನನ್ನು ಹಿಂದೆ ಮುಂದೆ ತಳ್ಳಾಡಿದರೆ ಅದು ಚೇತರಿಸಿಕೊಳ್ಳುತ್ತದೆಂದು ಬಹಳ ಜನ ನಂಬಿದ್ದಾರೆ. ನೀರು ಬಾಯಿಂದ ಹೊಕ್ಕು ಕಿವಿರಿನಿಂದ ಹೊರಬರಬೇಕು. ಹಿಂದಕ್ಕೆಳೆದಾಗ ಆ ಹರಿವೇ ತಪ್ಪುತ್ತದೆ. ಹೊಳೆಯ ಹರಿವಿಗೆ ಮುಖಮಾಡಿ ಸುಮ್ಮನೆ ಹಿಡಿದರೆ ಸಾಕು, ಉಳಿದದ್ದನ್ನು ಮೀನೇ ನೋಡಿಕೊಳ್ಳುತ್ತದೆ.

ಅದು ಚೇತರಿಸಿಕೊಂಡಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ಬಳಸುವ ಪರೀಕ್ಷೆಯೊಂದಿದೆ. ನೀರಿನಲ್ಲೇ ಮೀನನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಬೇಕು. ಮೈ ವಾಲಿದರೂ ಆರೋಗ್ಯವಂತ ಮೀನಿನ ಕಣ್ಣು ವಾಲುವುದಿಲ್ಲ. ಗುಡ್ಡೆ ತಿರುಗಿ ತನ್ನ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಬಳಲಿದ ಮೀನಿನ ಕಣ್ಣು ಮೈಯೊಡನೆಯೇ ಹೊರಳುತ್ತದೆ. ಬೋರಲು ಮಾಡಿದರೆ ನೆಟ್ಟಗಾಗುತ್ತದೆಯೇ, ಬಾಲ ಹಿಡಿದರೆ ಕೊಸರುತ್ತದೆಯೇ ಎಂದೂ ನೋಡುತ್ತಾರೆ. ಇಂಥ ಪರೀಕ್ಷೆಗಳನ್ನು ಕಾವೇರಿಯ ನೀಲಿರೆಕ್ಕೆಯ ಮಹಶೀರ್ ಮೇಲೂ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಹಶೀರ್ ಗಟ್ಟಿ ಮೀನು, ಒಟ್ಟಿನಲ್ಲಿ ಚೆನ್ನಾಗಿಯೇ ತಾಳಿಕೊಂಡಿತು. ಆದರೆ ದೊಡ್ಡ ಮೀನನ್ನು ದಡಕ್ಕೆ ತರಲು ಹೆಚ್ಚು ಹೊತ್ತು ಬೇಕು, ಪರೀಕ್ಷೆಯಲ್ಲಿ ತಡವರಿಸಿದವುಗಳಲ್ಲೂ ಅವೇ ಹೆಚ್ಚು. ಕಾವೇರಿಯ ಮೂಲನಿವಾಸಿಯಾದ ಡುಬ್ಬಬೆನ್ನಿನ ಮಹಶೀರ್ ಇದಕ್ಕಿಂತ ಎಷ್ಟೋ ದೊಡ್ಡದಾಗಿ ಬೆಳೆಯುವ ಮೀನು. ಅದು ಯಾವ ಪ್ರಭೇದವೆಂದು ಖಚಿತವಾದದ್ದೇ 2018ರಲ್ಲಿ, ಮತ್ತು ಅದೀಗ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.