ಅಂಗಳದ ಮೆಟ್ಟಿಲಿಗೆ ಟೈಲ್ಸ್ ಕೂರಿಸುವಾಗ

ಮನೆಯೊಳಗಿನ ಟೈಲ್ಸ್ ಇಪ್ಪತ್ತು ವರ್ಷ ಅಲುಗದೆ ಕೂತಿರುತ್ತದೆ. ಅದೇ ಮೇಸ್ತ್ರಿ ಅದೇ ಸಿಮೆಂಟಿನಲ್ಲಿ ಜಗುಲಿಯ ಹೊರಗಿನ ಮೆಟ್ಟಿಲಿಗೆ ಹಾಕಿದ ಟೈಲ್ಸ್ ಎರಡನೇ ಮಳೆಗಾಲಕ್ಕೇ ಸದ್ದು ಮಾಡತೊಡಗುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಹಾಗೇ ಆಯಿತು. ಕೆಳಗಿನಿಂದ ಎರಡನೇ ಮೆಟ್ಟಿಲಿನ ಅಂಚಿಗೆ ಅಮ್ಮ ಕಾಲಿಟ್ಟಾಗ ಟೈಲ್ ಮುಂದಕ್ಕೆ ವಾಲಿತು. ಪಕ್ಕದ ಕಂಬ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಆ ಟೈಲನ್ನು ಬರಿಗೈಯಲ್ಲೇ ಎತ್ತಿದೆ. ಬೆನ್ನು ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕವಾಗಿತ್ತು. ಕೆಳಗಿನ ಸಿಮೆಂಟಿನ ಮೇಲೆ ಮಾತ್ರ ಟೈಲಿನ ಹಿಂಬದಿಯ ಚೌಕುಳಿ ಗೆರೆಗಳೆಲ್ಲ ಅಚ್ಚೊತ್ತಿದಂತೆ ಮೂಡಿದ್ದವು. ಸಿಮೆಂಟು ಟೈಲನ್ನು ಮುಟ್ಟಿತ್ತು, ಹಿಡಿದಿರಲಿಲ್ಲ.

ಹಿಡಿಯದಿರಲು ಕಾರಣ ಟೈಲಿನ ಗುಣದಲ್ಲೇ ಇದೆ. ಸ್ನಾನದ ಮನೆಯ ಗೋಡೆಗೆ ಹಾಕುವ ಸೆರಾಮಿಕ್ ಟೈಲ್ ತನ್ನ ತೂಕದ ಶೇ 10ಕ್ಕೂ ಹೆಚ್ಚು ನೀರು ಹೀರುತ್ತದೆ. ಮೆಟ್ಟಿಲಿಗೆ ಹಾಕುವ ವಿಟ್ರಿಫೈಡ್ ಟೈಲ್ ಹೀರುವುದು ಹೆಚ್ಚೆಂದರೆ ಶೇ 0.5. ಗಾರೆಯವರು ಸುರಿಯುವ ಸಿಮೆಂಟ್ ಹಾಲು ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಅಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ರಂಧ್ರವೇ ಇಲ್ಲದ ಬೆನ್ನಿಗೆ ಅದು ಕಚ್ಚುವುದು ಹೇಗೆ? ಟೈಲ್ಸನ್ನು ರಾತ್ರಿಯಿಡೀ ತೊಟ್ಟಿಯಲ್ಲಿ ನೆನೆಸಿಡುವ ಹಳೆಯ ಪದ್ಧತಿಯೂ ಹೀರುವ ಟೈಲಿಗೆ ಹುಟ್ಟಿದ್ದು. ವಿಟ್ರಿಫೈಡ್‌ಗೆ ಅದರಿಂದ ಪ್ರಯೋಜನವಿಲ್ಲ, ಬೆನ್ನಿನಲ್ಲಿ ನೀರಿನ ಪದರ ಉಳಿದು ಹಾನಿಯೇ ಹೆಚ್ಚು.

‘ಒಳಗೂ ಹೀಗೇ ಹಾಕಿದ್ದಲ್ವಾ ಸಾರ್, ಅಲ್ಲೇನೂ ಆಗಿಲ್ಲವಲ್ಲ’ ಎಂದು ಮೇಸ್ತ್ರಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಒಳಗಿನ ಟೈಲನ್ನು ನಾಲ್ಕೂ ಕಡೆ ಬೇರೆ ಟೈಲ್ಸ್ ಒತ್ತಿ ಹಿಡಿದಿರುತ್ತವೆ, ಬಿಸಿಲು ತಾಗುವುದಿಲ್ಲ, ನೀರು ನಿಲ್ಲುವುದಿಲ್ಲ. ಮೆಟ್ಟಿಲಿನ ಟೈಲಿಗೆ ಮುಂದುಗಡೆ ಆಸರೆಯೇ ಇಲ್ಲ, ಮೆಟ್ಟಿಲಿಳಿಯುವ ಪ್ರತಿ ಪಾದದ ಭಾರ ಬೀಳುವುದೂ ಆ ಅಂಚಿಗೇ. ಏಪ್ರಿಲ್ ಬಿಸಿಲಿಗೆ ಗಾಢ ಬಣ್ಣದ ಟೈಲ್ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಬೆಳಗಿನ 20 ಡಿಗ್ರಿಯಿಂದ ಅಲ್ಲಿಗೆ ಏರಿದರೆ ನಾಲ್ಕಡಿ ಉದ್ದದ ಮೆಟ್ಟಿಲಿನಲ್ಲಿ ಟೈಲ್ಸ್ ಸಾಲು ಸುಮಾರು 0.3 ಮಿ.ಮೀ. ಹಿಗ್ಗುತ್ತದೆ. ಕೆಳಗಿನ ಕಾಂಕ್ರೀಟು ತನ್ನದೇ ಗತಿಯಲ್ಲಿ, ತನ್ನದೇ ಅಳತೆಯಲ್ಲಿ ಹಿಗ್ಗುತ್ತದೆ. ಸಂಜೆ ಅಡ್ಡಮಳೆ ಹೊಡೆದರೆ ಟೈಲ್ ಒಮ್ಮೆಲೇ ಕುಗ್ಗುತ್ತದೆ, ಕಾಂಕ್ರೀಟು ಇನ್ನೂ ಬೆಚ್ಚಗೇ ಇರುತ್ತದೆ. ಕಣ್ಣಿಗೆ ಕಾಣದ ಈ ಎಳೆದಾಟ ದಿನವೂ ನಡೆಯುತ್ತದೆ. ಎಲ್ಲೋ ಒಂದು ಕಡೆ ಹಿಡಿತ ಬಿಟ್ಟರೆ ಅಲ್ಲಿ ನೀರು ಸೇರುತ್ತದೆ, ಸೇರಿದ ನೀರು ಸುಣ್ಣದ ಅಂಶ ಕರಗಿಸಿಕೊಂಡು ಸಂದಿನಿಂದ ಹೊರಬಂದು ಬಿಳಿ ಕಲೆಯಾಗಿ ಒಣಗುತ್ತದೆ. ಸಂದಿನಲ್ಲಿ ಆ ಬಿಳಿ ಕಂಡರೆ ಟೈಲಿನ ಅಡಿ ನೀರು ಓಡಾಡುತ್ತಿದೆ ಎಂದೇ ತಿಳಿಯಿರಿ.

ಹಾಗಾಗಿ ಹೊರಗಿನ ಮೆಟ್ಟಿಲಿನಲ್ಲಿ ಅಂಟು ಎಷ್ಟು ಬಲವಾದದ್ದು ಎನ್ನುವುದಕ್ಕಿಂತ ಟೈಲಿನ ಕೆಳಗೆ ನೀರಿಗೆ ಜಾಗ ಇದೆಯೇ ಎನ್ನುವುದೇ ಮುಖ್ಯ. ಮುಂದಿನ ಕೆಲಸವೆಲ್ಲ ಆ ಜಾಗವನ್ನು ಮುಚ್ಚುವ ಕೆಲಸ.

ಮೊದಲು ಕಾಂಕ್ರೀಟು. ಹೊಸದಾದರೆ ಕನಿಷ್ಠ 28 ದಿನ ಕಳೆಯಲಿ. ಆಮೇಲೂ ಅದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಕಾದಷ್ಟೂ ಒಳ್ಳೆಯದು. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಗಾರೆ ಕಿತ್ತು ಹೊಸದು ಹಾಕಿಸಿ. ಮೇಲೆ ಸ್ವಲ್ಪ ನೀರು ಚಿಮುಕಿಸಿ: ಹೀರಿಕೊಂಡರೆ ಸರಿ, ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಅಲ್ಲಿ ಬಣ್ಣವೋ ಎಣ್ಣೆಯೋ ಇದೆ, ಅದನ್ನು ಉಜ್ಜಿ ತೆಗೆಯದೆ ಮುಂದೆ ಹೋಗಬಾರದು. ಸಿಮೆಂಟಿನ ನಯವಾದ ಮೇಲ್ಪದರವಿದ್ದರೆ ಉಳಿಯಿಂದ ಕಚ್ಚು ಹೊಡೆಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಧೂಳು ತೊಳೆಯಬೇಕು. ಪಾಚಿಯ ಬೇರು ಉಳಿದರೂ ಅಂಟು ಹಿಡಿಯುವುದು ಪಾಚಿಯನ್ನೇ. ಕೆಳಗಿನ ಮಣ್ಣು ಕುಸಿದು ಮೆಟ್ಟಿಲಿಗೇ ಬಿರುಕು ಬಿಟ್ಟಿದ್ದರೆ ಟೈಲ್ಸ್ ಯೋಚನೆ ಬಿಟ್ಟು ಮೊದಲು ಬುನಾದಿ ನೋಡಿಸಿ. ಆ ಬಿರುಕು ಟೈಲನ್ನೂ ಸೀಳುತ್ತದೆ.

ಇಳಿಜಾರನ್ನು ಕಾಂಕ್ರೀಟಿನಲ್ಲೇ ಕೊಡಬೇಕು. ಅಡಿ ಅಗಲದ ಮೆಟ್ಟಿಲಿಗೆ ಮುಂದಕ್ಕೆ 4–5 ಮಿ.ಮೀ. ಸಾಕು, ನಡೆಯುವಾಗ ಗೊತ್ತಾಗುವುದಿಲ್ಲ, ನೀರು ಮಾತ್ರ ನಿಲ್ಲುವುದಿಲ್ಲ. ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಂತರೆ ಸರಿಯಾಯಿತೆಂದು ಖುಷಿಪಡುವ ಮೇಸ್ತ್ರಿಗಳಿದ್ದಾರೆ. ಹೊರಗಿನ ಮೆಟ್ಟಿಲಿಗೆ ಅದು ತಪ್ಪು ಎಂದು ಮೊದಲೇ ಹೇಳಿಬಿಡಿ. ಇಳಿಜಾರು ಸರಿಮಾಡಿದ ಮೇಲೆ ಸಿಮೆಂಟು–ಪಾಲಿಮರ್ ವಾಟರ್‌ಪ್ರೂಫಿಂಗ್ ಎರಡು ಕೋಟು ಹೊಡೆದರೆ ಮಲೆನಾಡು, ಕರಾವಳಿಯ ಮಳೆಗೆ ಆ ಖರ್ಚು ವ್ಯರ್ಥವಲ್ಲ.

ಇನ್ನು ಅಂಟಿಸುವ ವಸ್ತು. ಬರಿ ಸಿಮೆಂಟ್ ಹಾಲು ಬೇಡ, ಪಾಲಿಮರ್ ಬೆರೆಸಿದ ಟೈಲ್ ಅಡ್ಹೆಸಿವ್ ತನ್ನಿ. ಅದರಲ್ಲಿನ ಪಾಲಿಮರ್ ರಂಧ್ರವಿಲ್ಲದ ಬೆನ್ನಿಗೂ ಅಂಟುತ್ತದೆ, ಹಿಗ್ಗು–ಕುಗ್ಗನ್ನು ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುತ್ತದೆ. ಚೀಲದ ಮೇಲೆ ಐಎಸ್ 15477 ಎಂಬ ಭಾರತೀಯ ಮಾನಕದ ಸಂಖ್ಯೆ ನೋಡಿ. ಹೊರಾಂಗಣಕ್ಕೂ ವಿಟ್ರಿಫೈಡ್‌ಗೂ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಕೆಲವು ಚೀಲಗಳಲ್ಲಿ ಯುರೋಪಿನ ಗುರುತೂ ಇರುತ್ತದೆ. ಅದರಲ್ಲಿ ಸಿ2 ಎಂದರೆ ನೀರಲ್ಲಿ ನೆನೆದ ಮೇಲೂ, ಬಿಸಿಗೆ ಒಡ್ಡಿದ ಮೇಲೂ ಚದರ ಮಿ.ಮೀ.ಗೆ 1 ನ್ಯೂಟನ್, ಅಂದರೆ ಚದರ ಸೆಂ.ಮೀ.ಗೆ ಸುಮಾರು 10 ಕಿಲೋ ಎಳೆತ ತಡೆಯುವಂಥದ್ದು. ಸಿ1ರದ್ದು ಇದರ ಅರ್ಧ. ಎಸ್1 ಎಂದಿದ್ದರೆ ಬಾಗುವ ಗುಣವೂ ಇದೆ. ಮೆಟ್ಟಿಲಿಗೆ ಸಿ2 ಮತ್ತು ಎಸ್1 ಎರಡೂ ಇರುವುದನ್ನೇ ಕೊಳ್ಳಿ. ನಾಲ್ಕಡಿ ಉದ್ದದ ಐದು ಮೆಟ್ಟಿಲಿಗೆ ಕಾಲಿಡುವ ಹಾಸು ಮತ್ತು ನಿಂತ ಎದುರು ಸೇರಿ ಸುಮಾರು 30 ಚದರ ಅಡಿಯಾಗುತ್ತದೆ, 5–6 ಮಿ.ಮೀ. ದಪ್ಪಕ್ಕೆ 20 ಕೆ.ಜಿ.ಯ ಎರಡು ಚೀಲ ಬೇಕು. ಇಡೀ ಮನೆಯ ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ.

ಟೈಲ್ ಆರಿಸುವಾಗ ಹೊಳಪಿಗೆ ಮರುಳಾಗಬೇಡಿ. ಒರಟು ಮೈಯದು, ಜಾರುತಡೆ ಅಳತೆಯಲ್ಲಿ ಆರ್11 ಅಥವಾ ಹೆಚ್ಚಿನದು ಇರಲಿ. ಸಾದರಹಳ್ಳಿಯ ಬೂದು ಗ್ರಾನೈಟು ಸುಲಭಕ್ಕೆ ಸಿಗುವ ಊರಾದರೆ, ಬೆಂಕಿಯಿಂದ ಮೈ ಒರಟು ಮಾಡಿದ ದಪ್ಪ ಹಲಗೆ ಮೆಟ್ಟಿಲಿಗೆ ಟೈಲಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಹಾಕುವ ದಿನ ಬಿಸಿಲೇರುವ ಮೊದಲೇ ಕೆಲಸ ಶುರುವಾಗಲಿ. ಕಾಂಕ್ರೀಟನ್ನು ಒದ್ದೆ ಮಾಡಿ, ನಿಂತ ನೀರು ಇಂಗಲು ಬಿಡಿ. ಟೈಲಿನ ಬೆನ್ನಿಗೆ ಗೂಡಿನಿಂದ ಬಂದ ಬಿಳಿ ಪುಡಿ ಅಂಟಿರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಬಕೆಟ್ಟಿಗೆ ಮೊದಲು ಅಳತೆಯ ನೀರು, ಆಮೇಲೆ ಪುಡಿ. ಕಲಸಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಿ. ಗಟ್ಟಿಯಾಯಿತೆಂದು ನಡುವೆ ನೀರು ಸೇರಿಸಿದರೆ ಅಂಟಿನ ಬಲವೇ ಹೋಗುತ್ತದೆ.

ಎಲ್ಲರೂ ಎಡವುವ ಜಾಗ ಮುಂದಿನದು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಟೈಲ್ ಒತ್ತಿಬಿಡುತ್ತಾರೆ. ಆ ಉಂಡೆಗಳ ನಡುವೆ ಉಳಿಯುವುದು ಪೊಳ್ಳು, ಮಳೆನೀರಿಗೆ ಸಿದ್ಧ ಕೆರೆ. ಬದಲಿಗೆ ಹಲ್ಲಿರುವ ಕರಣೆಯಿಂದ ಕಾಂಕ್ರೀಟಿನ ಮೇಲೆ ಒಂದೇ ದಿಕ್ಕಿಗೆ ನೇರ ಗೆರೆ ಎಳೆಯಬೇಕು, ಟೈಲಿನ ಬೆನ್ನಿಗೂ ತೆಳ್ಳಗೆ ಸವರಬೇಕು. ಗೆರೆಗೆ ಅಡ್ಡವಾಗಿ ಟೈಲನ್ನು ಹಿಂದೆ ಮುಂದೆ ಜರುಗಿಸಿ ಒತ್ತಿದರೆ ಗೆರೆಗಳು ಮಲಗಿ, ಗಾಳಿ ಬದಿಯಿಂದ ಹೊರಹೋಗುತ್ತದೆ. ಮೊದಲ ಎರಡು ಟೈಲನ್ನು ಹಾಕಿದ ಕೂಡಲೇ ಎತ್ತಿ ನೋಡಿ. ಒಳಗಿನ ನೆಲಕ್ಕೆ ಶೇ 80 ಹಿಡಿದರೂ ನಡೆಯುತ್ತದೆ, ಹೊರಗೆ ಶೇ 95 ಬೇಕು; ಅಂಚು–ಮೂಲೆಯಂತೂ ಪೂರ್ತಿ ತುಂಬಿರಲೇಬೇಕು. ಎಳೆದ ಅಂಟು ಗಾಳಿಗೆ ಕೆನೆಗಟ್ಟಿದರೂ ಹಿಡಿಯುವುದಿಲ್ಲ. ಬೆರಳಿಟ್ಟಾಗ ಅಂಟಿಕೊಳ್ಳದಿದ್ದರೆ ಕೆರೆದು ಹೊಸದು ಎಳೆಯಬೇಕು. ಹಾಗಾಗಿ ಒಮ್ಮೆಗೆ ಒಂದೆರಡು ಟೈಲಿನಷ್ಟೇ ಎಳೆಯುವುದು ಕ್ಷೇಮ.

ಮೊದಲು ಎದುರಿನ ನಿಂತ ಟೈಲ್, ಆಮೇಲೆ ಅದರ ತಲೆಯ ಮೇಲೆ ಬರುವಂತೆ ಹಾಸಿನ ಟೈಲ್. ಆಗ ಹರಿದ ನೀರು ಸಂದಿಗೆ ಇಳಿಯದೆ ಅಂಚಿನಿಂದ ಕೆಳಕ್ಕೆ ತೊಟ್ಟಿಕ್ಕುತ್ತದೆ. ಅಂಚು ಹೊರಗೆ ಚಾಚುವುದು ಬೆರಳಗಲ ಮೀರಬಾರದು. ಟೈಲ್ ಟೈಲಿನ ನಡುವೆ 3–5 ಮಿ.ಮೀ. ಸಂದು ಬಿಡಿ, ಮರುದಿನ ಪಾಲಿಮರ್ ಅಥವಾ ಎಪಾಕ್ಸಿ ಗ್ರೌಟ್ ತುಂಬಿ. ಬಿಳಿ ಸಿಮೆಂಟು ಬೇಡ, ಹೊರಗೆ ಅದು ಬಿರಿದು ಉದುರುತ್ತದೆ. ಮೆಟ್ಟಿಲು ಗೋಡೆಗೆ ತಾಗುವಲ್ಲಿ, ಹಾಸು ಮೇಲಿನ ಮೆಟ್ಟಿಲಿನ ಎದುರಿಗೆ ಕೂಡುವ ಮೂಲೆಯಲ್ಲಿ ಗ್ರೌಟಿನ ಬದಲು ಪಾಲಿಯುರೆಥೇನ್ ಸೀಲೆಂಟ್ ಹಾಕಿಸಿ. ಹಿಗ್ಗಿದ ಟೈಲಿಗೆ ಸ್ವಲ್ಪ ಸರಿಯಲು ಎಡೆ ಅಲ್ಲಿಯೇ ಸಿಗುವುದು.

ಎರಡು ಮೂರು ದಿನ ಆ ಮೆಟ್ಟಿಲು ತುಳಿಯಬೇಡಿ, ಟಾರ್ಪಾಲು ಹೊದಿಸಿಡಿ. ಗಾರೆಗೆ ಮಾಡಿದಂತೆ ಇದಕ್ಕೆ ನೀರು ಹೊಡೆದು ಕ್ಯೂರಿಂಗ್ ಮಾಡುವ ಅಗತ್ಯವಿಲ್ಲ. ಮಲೆನಾಡಿನವರು ಈ ಕೆಲಸವನ್ನು ಡಿಸೆಂಬರ್–ಫೆಬ್ರವರಿ ನಡುವೆ ಇಟ್ಟುಕೊಳ್ಳಿ.

ವಾರ ಕಳೆದ ಮೇಲೆ ಒಂದು ನಾಣ್ಯ ಹಿಡಿದು ಪ್ರತಿ ಟೈಲಿನ ನಡುವೆ, ನಾಲ್ಕೂ ಮೂಲೆಗೆ, ಮುಖ್ಯವಾಗಿ ಮುಂದಿನ ಅಂಚಿನುದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಟೊಳ್ಳು ಕೇಳಿಸಿದರೆ ಆ ಟೈಲನ್ನು ತೆಗೆಸಿ ಮತ್ತೆ ಹಾಕಿಸಿ. ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡುವುದು ಅದಾದ ಮೇಲೆಯೇ ಇರಲಿ.